ಸವಳಂಗ ರಸ್ತೆಗೆ ಸ್ಪೋರ್ಟ್ಸ್ ಕಾರು: ನಿತ್ಯ ಬಳಕೆಗೆ ದಕ್ಕೀತೆ?

ಶಿವಮೊಗ್ಗ: ನಗರದಿಂದ ನವುಲೆ ಮಾರ್ಗವಾಗಿ ಸವಳಂಗ, ಶಿಕಾರಿಪುರಗಳತ್ತ ಸಾಗುವ ಸವಳಂಗ ರಸ್ತೆಯ ಸ್ವಭಾವ ಅದರಲ್ಲಿ ನಿತ್ಯ ಓಡಾಡುವವರಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಗಳು, ಬಡಾವಣೆಗಳು, ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಇವುಗಳ ನಡುವೆ ಬೆಳಗ್ಗೆ ಸಂಜೆ ದ್ವಿಚಕ್ರ ವಾಹನಗಳ ಹೊಳೆ. ರೈಲ್ವೆ ಗೇಟಿನ ಜಾಗದಲ್ಲಿ ಮೇಲ್ಸೇತುವೆ ಬಂದ ಮೇಲೆ ಕಾಯುವ ಕಷ್ಟ ತಪ್ಪಿದೆ. ನವುಲೆ ದಾಟಿದರೆ ರಸ್ತೆ ಒಮ್ಮೆಲೇ ತೆರೆದುಕೊಳ್ಳುತ್ತದೆ, ವೇಗದ ಆಸೆ ಹುಟ್ಟಿಸುತ್ತದೆ.

ಇಂಥ ರಸ್ತೆಯಲ್ಲಿ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟುವ ಕಾರೊಂದನ್ನು ಇಟ್ಟುಕೊಂಡು, ಅದರಲ್ಲೇ ಕಚೇರಿಗೆ ಹೋಗಿ, ಅದರಲ್ಲೇ ತರಕಾರಿ ತಂದು, ಅದರಲ್ಲೇ ಮಕ್ಕಳನ್ನು ಶಾಲೆಗೆ ಬಿಟ್ಟು ಬದುಕಲು ಸಾಧ್ಯವೇ? ಕೊಳ್ಳುವ ಶಕ್ತಿಯಿರುವವರು ಬೆರಳೆಣಿಕೆಯಷ್ಟೇ ಇರಬಹುದು. ಪ್ರಶ್ನೆ ಮಾತ್ರ ಅವರಿಗಷ್ಟೇ ಸೇರಿದ್ದಲ್ಲ. ಏಕೆಂದರೆ ಸ್ಪೋರ್ಟ್ಸ್ ಕಾರನ್ನು ನಮ್ಮ ಊರುಗಳಲ್ಲಿ ಸೋಲಿಸುವುದು ಅದರ ಎಂಜಿನ್ ಅಲ್ಲ, ಕಾರಿನ ಕೆಳಗಿರುವ ರಸ್ತೆ. ಆ ರಸ್ತೆ ಎಲ್ಲರದು.

ಎಂಜಿನ್ ಬಗ್ಗೆ ಹೆದರಿಕೆ ಬೇಡ

ವೇಗದ ಕಾರೆಂದರೆ ಸೂಕ್ಷ್ಮ, ವಾರಕ್ಕೊಮ್ಮೆ ಹೊರಗೆ ತೆಗೆದು ಒರೆಸಿಡಬೇಕಾದ ವಸ್ತು ಎಂಬ ಭಾವನೆ ಇನ್ನೂ ಬಲವಾಗಿದೆ. ಅದು ನಾಲ್ಕು ದಶಕಗಳ ಹಿಂದಿನ ಇಟಲಿಯ ಕಾರುಗಳಿಗೆ ಹೊಂದುತ್ತಿದ್ದ ಮಾತು. ಜರ್ಮನಿಯ ಪೋರ್ಷೆ ಕಂಪನಿ 1963ರಲ್ಲಿ ಪ್ರದರ್ಶಿಸಿದ 911 ಮಾದರಿಯಲ್ಲೇ ಹಿಂದೆ ಎರಡು ಪುಟ್ಟ ಆಸನಗಳಿದ್ದವು. ದಿನಬಳಕೆಯ ಕಾರೆಂದೇ ಅದು ಹೆಸರು ಮಾಡಿತು. 1990ರಲ್ಲಿ ಜಪಾನಿನ ಹೋಂಡಾ ಹೊರತಂದ ಎನ್‌ಎಸ್‌ಎಕ್ಸ್ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಯೂಮಿನಿಯಂ ಒಡಲು, ನಡುವಿನಲ್ಲಿ ಎಂಜಿನ್, ಆದರೆ ಸುತ್ತಲೂ ಚೆನ್ನಾಗಿ ಕಾಣುವ ಗಾಜು, ಸಾಮಾನ್ಯ ಕಾರಿನಂತೆ ಸಲೀಸಾಗಿ ಓಡಿಸಬಹುದಾದ ಗುಣ. ಸೂಪರ್ ಕಾರಿನ ಒಡೆಯ ಕಷ್ಟಪಡಲೇಬೇಕು ಎಂಬ ನಂಬಿಕೆ ಅಂದಿನಿಂದ ಸಡಿಲವಾಯಿತು.

ಇಂದಿನ ಎಂಜಿನ್‌ಗಳು ಗಟ್ಟಿ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೆರಳಲ್ಲಿ ಬೆಳೆದವರಿಗೆ ಮಿಶ್ರಲೋಹದ ಉಕ್ಕು ಏನು ತಡೆಯಬಲ್ಲದು ಎಂದು ವಿವರಿಸಬೇಕಿಲ್ಲ. ನಿಜಕ್ಕೂ ಇಂಥ ಕಾರುಗಳು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಬರಿದಾಗುತ್ತದೆ; ಟೈರುಗಳು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತವೆ; ರಬ್ಬರ್ ಸೀಲುಗಳು ಒಣಗುತ್ತವೆ. ಮಲೆನಾಡಿನಲ್ಲಿ ಇನ್ನೂ ಒಂದು ಕಾರಣ ಸೇರುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಷ್ಟು ಹಿಡಿಯುವ ಊರಿನಲ್ಲಿ ಅರ್ಧ ಟ್ಯಾಂಕ್ ಇಂಧನದೊಂದಿಗೆ ಕಾರನ್ನು ಶೆಡ್ಡಿನಲ್ಲಿ ಮಲಗಿಸುವುದು ಜಾಣತನವಲ್ಲ. ಇಂಧನ ಖರ್ಚಾಗುತ್ತಿರಬೇಕು, ಹೊಸದು ಬೀಳುತ್ತಿರಬೇಕು.

ಆಕ್ಟೇನ್ ಬಗೆಗಿನ ಹಳೆಯ ಚಿಂತೆಯೂ ಸ್ವಲ್ಪ ಬದಲಾಗಿದೆ. ಎಂಜಿನ್ ಒಳಗೆ ಇಂಧನವು ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಳ್ಳದಂತೆ ತಡೆಯುವ ಗುಣವನ್ನು ಆಕ್ಟೇನ್ ಅಂಕ ಹೇಳುತ್ತದೆ. ಸಾಧಾರಣ ಪೆಟ್ರೋಲಿನದು 91 ಇತ್ತು. ಬಲಶಾಲಿ ಎಂಜಿನ್‌ಗಳು 95 ಅಥವಾ 98 ಕೇಳುತ್ತವೆ. ಎಥೆನಾಲ್ ಬೆರೆತಾಗ ಈ ಅಂಕ ಏರುತ್ತದೆ. ಅದರ ಇನ್ನೊಂದು ಮುಖವೆಂದರೆ ಎಥೆನಾಲಿನಲ್ಲಿ ಶಾಖದ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಇಳಿಯುತ್ತದೆ. 2020ರ ಡಿಸೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಪರಿಚಯಿಸಿದ 100 ಆಕ್ಟೇನ್ ಪೆಟ್ರೋಲ್ ದೊಡ್ಡ ನಗರಗಳ ಆಯ್ದ ಬಂಕುಗಳ ಸರಕು. ಅದನ್ನು ನಂಬಿ ಶಿವಮೊಗ್ಗದಲ್ಲಿ ಸಂಸಾರ ನಡೆಸಲಾಗದು. ಕೊಳ್ಳುವ ಮುನ್ನ ಕಾರಿನ ಕೈಪಿಡಿಯಲ್ಲಿ ಎರಡು ಸಾಲು ನೋಡಿದರೆ ಸಾಕು: ಕನಿಷ್ಠ ಆಕ್ಟೇನ್ ಎಷ್ಟು, ಎಥೆನಾಲ್ ಎಷ್ಟರವರೆಗೆ ಒಪ್ಪುತ್ತದೆ.

ನಾಲ್ಕೂಕಾಲು ಅಂಗುಲದ ಲೆಕ್ಕ

ಸಾಮಾನ್ಯ ಕಾರಿನ ತಳಕ್ಕೂ ನೆಲಕ್ಕೂ ಸುಮಾರು 165 ಮಿಲಿಮೀಟರ್ ಅಂತರವಿದ್ದರೆ, ಸ್ಪೋರ್ಟ್ಸ್ ಕಾರಿಗೆ ಅದು 110ರ ಆಸುಪಾಸು. ನಮ್ಮ ಹಳೆಯ ಅಳತೆಯಲ್ಲಿ ನಾಲ್ಕೂಕಾಲು ಅಂಗುಲ. ಕಾರು ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಸ್ಥಿರವಾಗಿರುತ್ತದೆ, ಅಡಿಯಲ್ಲಿ ಗಾಳಿ ನುಗ್ಗಿ ಎತ್ತುವುದಿಲ್ಲ. ಆದರೆ ಇದೇ ಕಾರಣಕ್ಕೆ ರಸ್ತೆ ಉಬ್ಬು ಕಂಡೊಡನೆ ಚಾಲಕನ ಎದೆ ಡವಡವಗುಟ್ಟುತ್ತದೆ.

ಇಲ್ಲೊಂದು ಲೆಕ್ಕವನ್ನು ತಾಳ್ಮೆಯಿಂದ ನೋಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ರಸ್ತೆ ಉಬ್ಬು ಹೇಗಿರಬೇಕೆಂದು ಬಹಳ ಹಿಂದೆಯೇ ಮಾನದಂಡ ಬರೆದಿದೆ. ಅದರ ಪ್ರಕಾರ ದುಂಡು ಉಬ್ಬಿನ ಎತ್ತರ 10 ಸೆಂಟಿಮೀಟರ್, ವಾಹನ ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರ್, ದುಂಡಿನ ತ್ರಿಜ್ಯ 17 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟಲಿ ಎಂಬುದು ಉದ್ದೇಶ. ಮುಂದಿನ ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ದೂರವಿರುವ ಕಾರು ಇಂಥ ಉಬ್ಬಿನ ನೆತ್ತಿಯ ಮೇಲೆ ನಿಂತಿದೆ ಎಂದುಕೊಳ್ಳಿ. ನಾಲ್ಕು ಚಕ್ರಗಳೂ ಉಬ್ಬಿನ ಮೇಲೆಯೇ ಇರುತ್ತವೆ. ಚಕ್ರಗಳ ಮಟ್ಟಕ್ಕಿಂತ ಉಬ್ಬಿನ ನೆತ್ತಿ ಎದ್ದಿರುವುದು ಕೇವಲ 44 ಮಿಲಿಮೀಟರ್. ಕಾರಿನ ತಳ 110 ಮಿಲಿಮೀಟರ್ ಮೇಲಿದೆ. ಅಂದರೆ ಕಾರು ತಗಲುವುದಿಲ್ಲ, ತಗಲುವ ಹತ್ತಿರಕ್ಕೂ ಬರುವುದಿಲ್ಲ. ಮುಂಗಡೆಯ ಮೂತಿಯನ್ನೂ ಲೆಕ್ಕ ಹಾಕಿ ನೋಡಬಹುದು. ಮುಂದಿನ ಚಕ್ರ ಉಬ್ಬಿನ ಅಂಚು ಮುಟ್ಟುವಾಗ ಅದಕ್ಕಿಂತ ಮುಕ್ಕಾಲು, ಒಂದು ಮೀಟರ್ ಮುಂದಿರುವ ಮೂತಿಯ ಕೆಳಗೆ ಉಬ್ಬು ಏಳೆಂಟು ಸೆಂಟಿಮೀಟರ್ ಎದ್ದಿರುತ್ತದೆ. ಅಲ್ಲೂ ಕಾರು ಪಾರಾಗುತ್ತದೆ.

ಹಾಗಾದರೆ ತಗಲುವುದು ಎಲ್ಲಿ? ಬಡಾವಣೆಯ ಜನರ ಒತ್ತಾಯಕ್ಕೆ ಮಣಿದು ರಾತ್ರೋರಾತ್ರಿ ಉಳಿದ ಡಾಂಬರು ಸುರಿದು ಮಾಡಿದ ಉಬ್ಬಿನಲ್ಲಿ. ಒಂದು ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇದ್ದರೆ ಅದು ಪೂರ್ತಿಯಾಗಿ ಮುಂದಿನ ಹಿಂದಿನ ಚಕ್ರಗಳ ನಡುವೆ ಬಂದು ಕೂರುತ್ತದೆ. ಆಗ ಕಾರಿಗೆ ಬೇಕಾಗುವ ಅಂತರ 44 ಅಲ್ಲ, ಪೂರಾ 150 ಮಿಲಿಮೀಟರ್. ಸ್ಪೋರ್ಟ್ಸ್ ಕಾರು ಅಲ್ಲಿ ಹೊಟ್ಟೆ ಉಜ್ಜುತ್ತದೆ. ಐದು ಜನರನ್ನು ತುಂಬಿಕೊಂಡ ಸಾಧಾರಣ ಕಾರೂ ಉಜ್ಜುತ್ತದೆ. ಅದೇ ಉಬ್ಬಿನ ಮೇಲೆ ಸ್ಕೂಟರಿನ ಹಿಂದೆ ಕುಳಿತ ವೃದ್ಧೆಯ ಸೊಂಟಕ್ಕೆ ಪೆಟ್ಟು ಬೀಳುತ್ತದೆ, ಆಂಬುಲೆನ್ಸ್‌ನಲ್ಲಿ ಮಲಗಿದ ರೋಗಿ ನರಳುತ್ತಾನೆ, ಬಣ್ಣ ಬಳಿಯದ ಉಬ್ಬಿಗೆ ಕತ್ತಲಲ್ಲಿ ಬೈಕು ಹಾರಿ ಬೀಳುತ್ತದೆ. ಕೋಟಿ ಬೆಲೆಯ ಕಾರು ಇಲ್ಲಿ ಅಳತೆಗೋಲಿದ್ದಂತೆ. ಅದು ಸಲೀಸಾಗಿ ದಾಟಿದ ಉಬ್ಬು ಮಾನದಂಡಕ್ಕೆ ಹತ್ತಿರವಿದೆ ಎಂದೇ ಲೆಕ್ಕ.

ಕಂಪನಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಗುಂಡಿ ಒತ್ತಿದರೆ ಕಾರಿನ ಮೂತಿ ನಾಲ್ಕು ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಪೋರ್ಷೆ 911ರ ಈಚಿನ ಮಾದರಿಗಳಲ್ಲಿ ಒಮ್ಮೆ ಗುರುತು ಮಾಡಿದ ಜಾಗವನ್ನು ಜಿಪಿಎಸ್ ಮೂಲಕ ನೆನಪಿಟ್ಟುಕೊಂಡು, ಮರುದಿನ ಅಲ್ಲಿಗೆ ಬಂದಾಗ ತಾನೇ ಮೂತಿ ಎತ್ತುವ ವ್ಯವಸ್ಥೆಯೂ ಇದೆ. ಒಳ್ಳೆಯದೇ. ಆದರೆ ನಿನ್ನೆ ಇಲ್ಲದ ಉಬ್ಬು ಇವತ್ತು ಹುಟ್ಟುವ ಊರಿನಲ್ಲಿ ಉಪಗ್ರಹವೂ ಏನು ಮಾಡೀತು? ಈ ಸೌಲಭ್ಯ ಹೆಚ್ಚಿನ ಹಣ ಕೊಟ್ಟು ಪಡೆಯಬೇಕಾದ ಐಚ್ಛಿಕ ಭಾಗವಾಗಿರುತ್ತದೆ. ಹಳೆಯ ಕಾರು ಕೊಳ್ಳುವವರು ಬಣ್ಣ, ಆಸನದ ಚರ್ಮಕ್ಕಿಂತ ಮೊದಲು ಇದು ಇದೆಯೇ ಎಂದು ಕೇಳಬೇಕು.

ಗುಂಡಿಗಳ ಕತೆ ಬೇರೆ. ಉಬ್ಬು ಕಣ್ಣಿಗೆ ಕಾಣುತ್ತದೆ, ನೀರು ತುಂಬಿದ ಗುಂಡಿ ಕಾಣುವುದಿಲ್ಲ. ಸ್ಪೋರ್ಟ್ಸ್ ಕಾರಿನ ಟೈರಿನ ಪಕ್ಕದ ಗೋಡೆ ತೀರ ಗಿಡ್ಡ. ಗುಂಡಿಯ ಅಂಚು ಬಡಿದಾಗ ಹೊಡೆತ ತಡೆಯಲು ರಬ್ಬರು ಸಾಲದೆ ಅಲಾಯ್ ರಿಮ್ ಸೀಳುತ್ತದೆ ಇಲ್ಲವೇ ಸೊಟ್ಟಗಾಗುತ್ತದೆ. ಎಷ್ಟೋ ಮಾದರಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಬೆಂಗಳೂರಿನ ರಸ್ತೆಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ರಾಜ್ಯ ಹೈಕೋರ್ಟ್ 2019ರಲ್ಲಿ, ಸುಸ್ಥಿತಿಯ ರಸ್ತೆ ಪಡೆಯುವುದು ನಾಗರಿಕರ ಜೀವಿಸುವ ಹಕ್ಕಿನ ಭಾಗ ಎಂಬ ನಿಲುವು ತಳೆದಿತ್ತು. ಆ ಹಕ್ಕಿನ ಬಗ್ಗೆ ಗಟ್ಟಿಯಾಗಿ ಮಾತನಾಡುವ ಅರ್ಹತೆ ರಿಮ್ ಕಳೆದುಕೊಂಡವರಿಗಿಂತ ಕೈಕಾಲು ಕಳೆದುಕೊಂಡ ಬೈಕ್ ಸವಾರರಿಗೇ ಹೆಚ್ಚು ಎಂಬುದನ್ನೂ ಹೇಳಬೇಕು.

ಮಳೆಗಾಲದ ಮಾತು

ಅಗಲ ಟೈರು ಒಣ ರಸ್ತೆಯಲ್ಲಿ ಹಿಡಿತ ಕೊಡುತ್ತದೆ, ನಿಂತ ನೀರಿನಲ್ಲಿ ಅದೇ ಅಗಲ ಶತ್ರು. ಕಿರಿದಾದ ಟೈರು ನೀರನ್ನು ಸೀಳಿಕೊಂಡು ನೆಲ ಮುಟ್ಟಿದರೆ, ಅಗಲವಾದದ್ದು ನೀರಿನ ಪದರದ ಮೇಲೆ ತೇಲಲು ನೋಡುತ್ತದೆ. ಸವೆದ ಟೈರಾದರೆ ತೇಲುವ ವೇಗ ಇನ್ನೂ ಕಡಿಮೆ. ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆಯತ್ತ ಹೋಗುವವರಿಗೆ ಜುಲೈ ತಿಂಗಳ ರಸ್ತೆ ಹೇಗಿರುತ್ತದೆಂದು ಗೊತ್ತು. ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಕಾರಾದರೆ ಒದ್ದೆ ತಿರುವಿನಲ್ಲಿ ಪಾದ ಹಗುರವಾಗಿರಬೇಕು. ಈಗಿನ ಕಾರುಗಳಲ್ಲಿ ಒದ್ದೆ ರಸ್ತೆಗೆಂದೇ ಶಕ್ತಿಯನ್ನು ತಗ್ಗಿಸುವ ವ್ಯವಸ್ಥೆ ಇರುತ್ತದೆ. ಅದನ್ನು ಬಳಸುವುದು ಅವಮಾನವೆಂದು ಭಾವಿಸುವವರು ಮಲೆನಾಡಿನಲ್ಲಿ ಇಂಥ ಕಾರು ಇಟ್ಟುಕೊಳ್ಳದಿರುವುದೇ ಕ್ಷೇಮ.

ಎಂಜಿನ್ ಗಾಳಿ ಹೀರುವ ದ್ವಾರ ತಗ್ಗಿನಲ್ಲಿರುವ ಮಾದರಿಗಳಿಗೆ ನೀರು ಇನ್ನೊಂದು ಅಪಾಯ. ನೀರು ಸಿಲಿಂಡರಿಗೆ ನುಗ್ಗಿದರೆ ಅದನ್ನು ಒತ್ತಿ ಕುಗ್ಗಿಸಲಾಗದು; ಒಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನ ಐಷಾರಾಮಿ ಬಡಾವಣೆಯೊಂದು ಮುಳುಗಿ, ಭಾರಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ಜನ ಮರೆತಿಲ್ಲ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಿ ಎಂಜಿನ್ ಹಾಳಾದರೆ ಸಾಮಾನ್ಯ ವಿಮೆ ಆ ನಷ್ಟ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪ್ರತ್ಯೇಕವಾಗಿ ಕೊಳ್ಳಬೇಕು.

ದೂರ, ದುಡ್ಡು, ತೆರಿಗೆ

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಇಂಥ ಕಾರುಗಳ ಅಧಿಕೃತ ವರ್ಕ್‌ಶಾಪ್ ಬೇಕಿದ್ದರೆ ಆ ದಾರಿಯನ್ನೇ ಹಿಡಿಯಬೇಕು. ಸರ್ವಿಸ್ ವರ್ಷಕ್ಕೊಮ್ಮೆ, ಅದು ಪ್ರವಾಸದಂತೆ ನಡೆದುಹೋಗುತ್ತದೆ. ತೊಂದರೆ ಬರುವುದು ಅಕಸ್ಮಾತ್ ನಿಂತಾಗ. ತಗ್ಗಿನ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ. ಮಟ್ಟಸ ಹಾಸಿನ ಲಾರಿಯೇ ಬರಬೇಕು. ಪಂಕ್ಚರ್ ಅಂಗಡಿಯಲ್ಲಿ ಜಾಕ್ ಎಲ್ಲಿ ಕೊಡಬೇಕೆಂದು ಒಡೆಯನೇ ತೋರಿಸಬೇಕು. ಆ ಅಳತೆಯ ಟೈರು ಊರಿನಲ್ಲಿ ಸಿಗದು. ನಿತ್ಯ ಬಳಸುವವರು ಒಂದು ಜೊತೆ ಟೈರನ್ನು ಮನೆಯಲ್ಲೇ ತಂದಿಟ್ಟುಕೊಳ್ಳುವುದು ಆಡಂಬರವಲ್ಲ, ಅಗತ್ಯ.

ಪೆಟ್ರೋಲ್ ಖರ್ಚು ಜನ ಊಹಿಸುವಷ್ಟು ದೊಡ್ಡದಲ್ಲ. ಪೇಟೆಯಲ್ಲಿ ಲೀಟರಿಗೆ ಐದಾರು ಕಿ.ಮೀ. ಎಂದಿಟ್ಟುಕೊಂಡರೂ ದಿನಕ್ಕೆ 30 ಕಿ.ಮೀ. ಓಡಾಟಕ್ಕೆ ಐದಾರು ಲೀಟರ್ ಸಾಕು. ಕಣ್ಣಿಗೆ ಕಾಣದ ಖರ್ಚು ಬೇಗ ಸವೆಯುವ ಟೈರು, ಬ್ರೇಕು, ವಿಮೆ ಹಾಗೂ ವರ್ಷದಿಂದ ವರ್ಷಕ್ಕೆ ಕುಸಿಯುವ ಬೆಲೆಯಲ್ಲಿದೆ.

ಎಲ್ಲಕ್ಕಿಂತ ಮೊದಲು ಕೈ ಹಿಡಿಯುವುದು ತೆರಿಗೆ. 2025ರ ದರಗಳಲ್ಲಿ ಲೆಕ್ಕ ಹೀಗೆ. ಬಂದರಿಗೆ ಬಂದಿಳಿದಾಗ ಒಂದು ಕೋಟಿ ರೂಪಾಯಿ ಬೆಲೆಯ ಕಾರಿಗೆ ಆಮದು ಸುಂಕ ಮತ್ತು ಉಪಕರ ಸೇರಿ ಶೇ 110, ಬೆಲೆ 2.10 ಕೋಟಿ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಶೇ 40 ಜಿಎಸ್‌ಟಿ, ಬೆಲೆ 2.94 ಕೋಟಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರುಗಳ ಜೀವಾವಧಿ ತೆರಿಗೆ ಶೇ 18, ಅದರ ಮೇಲಿನ ಉಪಕರ ಸೇರಿ ಸುಮಾರು ಶೇ 20. ಅಲ್ಲಿಗೆ ಮತ್ತೆ 58 ಲಕ್ಷ ಸೇರಿ, ಮಾರಾಟಗಾರರ ಲಾಭ ಹಿಡಿಯದೆಯೇ ಮೂರೂವರೆ ಕೋಟಿ.

ಈ ಕೊನೆಯ ಮೊತ್ತವನ್ನು ಉಳಿಸಲು ಹೊರರಾಜ್ಯಗಳಲ್ಲಿ ನೋಂದಣಿ ಮಾಡಿಸಿ, ಕಾರನ್ನು ಬೆಂಗಳೂರಿನಲ್ಲಿ ಓಡಿಸುವ ಪರಿಪಾಠ ಬಹುಕಾಲದಿಂದ ನಡೆದುಬಂದಿದೆ. ಒಂದು ರಾಜ್ಯದ ವಾಹನ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಅಲ್ಲಿನ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ಒಂದೇ ದಿನ ಬೆಂಗಳೂರಿನಲ್ಲಿ ಇಂಥ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆದರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿ ಹೊಂದಿದ್ದ ಫೆರಾರಿ ಎಸ್‌ಎಫ್90 ಕಾರೊಂದರ ಒಡೆಯರಿಂದ ದಂಡ ಸಹಿತ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಜನರ ರಸ್ತೆಯ ಬಗ್ಗೆ ದೂರುವ ಹಕ್ಕು ಯಾರಿಗೂ ಇದೆ. ಆದರೆ ಆ ರಸ್ತೆಗೆ ಸಲ್ಲಬೇಕಾದ ಹಣವನ್ನು ಬೇರೆ ರಾಜ್ಯದ ಫಲಕದ ಹಿಂದೆ ಬಚ್ಚಿಟ್ಟು ದೂರುವುದು ಶೋಭಿಸದು. ಸಣ್ಣ ಊರಿನಲ್ಲಿ ಇಂಥ ಕಾರು ಬಚ್ಚಿಡಲೂ ಆಗದು. ಸವಳಂಗ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಊರಿಗೆಲ್ಲ ಸುದ್ದಿ.

ಎದುರಿನವರ ಅಂದಾಜು

ಸುರಕ್ಷತೆಯ ಮಾತು ಬಂದಾಗ ಎಲ್ಲರೂ ಗರಿಷ್ಠ ವೇಗದ ಬಗ್ಗೆ ಮಾತನಾಡುತ್ತಾರೆ. ಪೇಟೆಯಲ್ಲಿ ನಿಜವಾದ ಅಪಾಯ ಗರಿಷ್ಠ ವೇಗದ್ದಲ್ಲ, ವೇಗ ಏರುವ ಬಗೆಯದು. ಅಡ್ಡರಸ್ತೆಯಿಂದ ಸ್ಕೂಟರ್ ಹೊರತರುವ ವಿದ್ಯಾರ್ಥಿನಿ ದೂರದ ಕಾರನ್ನು ಒಮ್ಮೆ ನೋಡಿ, ಅದು ಇಷ್ಟು ಹೊತ್ತಿನಲ್ಲಿ ಬರುತ್ತದೆ ಎಂದು ಅಂದಾಜು ಮಾಡುತ್ತಾಳೆ. ಆ ಅಂದಾಜು ಅವಳು ನಿತ್ಯ ನೋಡುವ ಬಸ್ಸು, ಆಟೋ, ಸಣ್ಣ ಕಾರುಗಳ ಮೇಲೆ ನಿಂತಿದೆ. ನೋಡಿದಾಗ 40 ಕಿ.ಮೀ. ವೇಗದಲ್ಲಿದ್ದ ಸ್ಪೋರ್ಟ್ಸ್ ಕಾರು ಅವಳು ಕಣ್ಣು ತಿರುಗಿಸಿ ರಸ್ತೆಗಿಳಿಯುವ ಎರಡು ಸೆಕೆಂಡಿನೊಳಗೆ 80 ಮುಟ್ಟಬಲ್ಲದು. 40ರ ವೇಗದಲ್ಲಿ ಚಾಲಕ ಕಂಡು, ಬ್ರೇಕ್ ಒತ್ತಿ, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 19 ಮೀಟರ್ ಬೇಕು. 80ರಲ್ಲಿ 53 ಮೀಟರ್. ಒದ್ದೆ ರಸ್ತೆಯಲ್ಲಿ 70 ಮೀಟರ್ ದಾಟುತ್ತದೆ. ಬ್ರೇಕು ಎಷ್ಟೇ ದುಬಾರಿಯದಾದರೂ ಚಾಲಕ ಬೆಚ್ಚಿ ಪಾದ ಎತ್ತುವ ಮೊದಲ ಒಂದು ಸೆಕೆಂಡನ್ನು ಅದು ಕಡಿಮೆ ಮಾಡಲಾರದು. ಆ ಒಂದು ಸೆಕೆಂಡಿನಲ್ಲೇ 22 ಮೀಟರ್ ಕಳೆದಿರುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ ಕಾರುಗಳಿಗೆ ನಗರ ಮಿತಿಯಲ್ಲಿ ಗರಿಷ್ಠ 70 ಕಿ.ಮೀ., ವಿಭಜಕವಿರುವ ಚತುಷ್ಪಥ ಹೆದ್ದಾರಿಯಲ್ಲಿ 100. ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ನಿಗದಿಪಡಿಸುವ ಅಧಿಕಾರ ರಾಜ್ಯಗಳಿಗಿದೆ. ಅಂದರೆ ಕಾನೂನು ಒಪ್ಪುವ ವೇಗವನ್ನು ಇಂಥ ಕಾರು ಎರಡನೇ ಗೇರಿನಲ್ಲೇ ಮುಗಿಸಿಬಿಡುತ್ತದೆ. ಸದ್ದಿನ ವಿಷಯವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಸವಳಂಗ ರಸ್ತೆಯ ಉದ್ದಕ್ಕೂ ಇರುವುದು ಅವೇ. ಸೈಲೆನ್ಸರ್‌ನ ಕವಾಟ ತೆರೆದು ಗುಡುಗಿಸುವ ಗುಂಡಿಯೊಂದು ಇಂಥ ಕಾರುಗಳಲ್ಲಿ ಇರುತ್ತದೆ. ಊರೊಳಗೆ ಅದನ್ನು ಮುಟ್ಟದಿರುವುದು ನೆರೆಹೊರೆಯ ಸಂಬಂಧಕ್ಕೆ ಒಳ್ಳೆಯದು.

ಹಾಗಾದರೆ ಯಾವುದು ದಕ್ಕುತ್ತದೆ?

ಮಲೆನಾಡಿನವರಿಗೆ ವೇಗದ ಕಾರೆಂದರೆ ತಗ್ಗಿನ ಕಾರು ಎಂಬ ಕಲ್ಪನೆ ಎಂದೂ ಇರಲಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ರ‍್ಯಾಲಿ ನೋಡಿ ಬೆಳೆದ ಪೀಳಿಗೆಗೆ ವೇಗವೆಂದರೆ ಧೂಳೆಬ್ಬಿಸಿ ಹಾರುವ ಮಾರುತಿ ಜಿಪ್ಸಿ. ಎತ್ತರದ ಒಡಲು, ಉದ್ದನೆಯ ಸಸ್ಪೆನ್ಷನ್, ಬಿದ್ದರೂ ಎದ್ದು ಓಡುವ ಗುಣ. ವಿಚಿತ್ರವೆಂದರೆ ಇಟಲಿಯ ಕಂಪನಿಗಳೂ ಈಗ ಅತ್ತಲೇ ವಾಲಿವೆ. ಲ್ಯಾಂಬೊರ್ಗಿನಿಯ ಉರುಸ್ ಗಾಳಿಯ ಸಸ್ಪೆನ್ಷನ್ ನೆರವಿನಿಂದ ನೆಲದಿಂದ 158 ಮಿಲಿಮೀಟರಿನಿಂದ 248ರವರೆಗೆ ಏರಬಲ್ಲದು. ಫೆರಾರಿ 2022ರಲ್ಲಿ ತೋರಿಸಿದ ನಾಲ್ಕು ಬಾಗಿಲಿನ ಪುರೊಸಾಂಗ್ವೆಗೆ 185 ಮಿಲಿಮೀಟರ್ ಅಂತರವಿದೆ. 2023ರಲ್ಲಿ ಭಾರತದಲ್ಲಿ ಲ್ಯಾಂಬೊರ್ಗಿನಿ ಮೊದಲ ಬಾರಿ ನೂರರ ಗಡಿ ದಾಟಿ 103 ಕಾರುಗಳನ್ನು ಮಾರಿದ್ದರಲ್ಲಿ ಎತ್ತರದ ಉರುಸ್‌ನ ಪಾಲು ದೊಡ್ಡದು. ಶುದ್ಧ ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಮ್ಮ ಉಬ್ಬುಗಳು ಮೂಗು ಮುರಿಯುವವರ ಕಾರಿನ ಮೂತಿಯನ್ನೇ ಮುರಿಯುತ್ತವೆ.

ಇಷ್ಟಾದರೂ ತಗ್ಗಿನ ಕಾರೇ ಬೇಕು ಎನ್ನುವವರು ಸವಳಂಗ ರಸ್ತೆಯಲ್ಲಿ ಸೋಲಬೇಕಾಗಿಲ್ಲ. ಚಕ್ರಗಳ ನಡುವಿನ ದೂರ ಕಡಿಮೆಯಿರುವ, ಮೂತಿ ಎತ್ತುವ ಸೌಲಭ್ಯವಿರುವ ಮಾದರಿ ಆರಿಸಿಕೊಳ್ಳಬಹುದು. ನಿಂತು ನಿಂತು ಸಾಗುವ ಪೇಟೆಯಲ್ಲಿ ಬೇಗ ಕಾಯದಂತೆ ಎಣ್ಣೆಯಲ್ಲಿ ಮುಳುಗಿರುವ ಡ್ಯುಯಲ್ ಕ್ಲಚ್ ಅಥವಾ ಹಳೆಯ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವುದು ವಾಸಿ. ಒಣ ಕ್ಲಚ್ ಇರುವ ಕಾರಿನಲ್ಲಿ ಇಂಚಿಂಚಾಗಿ ತೆವಳುವ ಬದಲು ಮುಂದೆ ಜಾಗ ಬಿಡುವವರೆಗೆ ಬ್ರೇಕ್ ಹಿಡಿದು ನಿಂತು ಆಮೇಲೆ ಸಾಗುವ ರೂಢಿ ಬೆಳೆಸಿಕೊಳ್ಳಬೇಕು. ಮನೆಯ ಮುಂದಿನ ಚರಂಡಿಯ ಮೇಲಿನ ಇಳಿಜಾರನ್ನು ಮೊದಲು ಅಳೆಯಬೇಕು. ಕಾರು ಬಂದ ದಿನವೇ ಗೇಟಿನಲ್ಲಿ ಸಿಕ್ಕಿಕೊಳ್ಳುವುದು ಅಲ್ಲಿಯೇ. ಕೊಳ್ಳುವ ಮುನ್ನ, ಆ ಕಾರಿನಷ್ಟೇ ತಗ್ಗಿನಲ್ಲಿ ಒಂದು ಹಲಗೆಯ ತುಂಡನ್ನು ಕತ್ತರಿಸಿಕೊಂಡು ಮನೆಯಿಂದ ಕಚೇರಿಯವರೆಗಿನ ಉಬ್ಬುಗಳನ್ನು ಒಂದು ಭಾನುವಾರ ಬೆಳಗ್ಗೆ ಅಳೆದು ಬಂದರೂ ತಪ್ಪೇನಿಲ್ಲ. ಮಾನದಂಡ ಮೀರಿದ್ದು ಕಂಡರೆ ಅಳತೆಯನ್ನು ಬರೆದು ಮಹಾನಗರ ಪಾಲಿಕೆಗೆ ಅಥವಾ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಕಾರಿನ ಹೆಸರು ಬರೆಯಬೇಕಿಲ್ಲ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಎಂಬ ಎರಡು ಅಂಕಿಗಳು ಸಾಕು.